ಮಂಡಕಳ್ಳಿಯ ವೇಳಾಪಟ್ಟಿ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಹೊತ್ತಿಗೆ ಮಂಡಕಳ್ಳಿಯ ವಿಮಾನ ನಿಲ್ದಾಣ ಸಿಗುತ್ತದೆ. ಮೈಸೂರಿನವರನ್ನು ಇದರ ಬಗ್ಗೆ ಕೇಳಿದರೆ ಬಹುಪಾಲು ಜನ ಮರುಪ್ರಶ್ನೆ ಹಾಕುತ್ತಾರೆ: ‘ಈಗ ಫ್ಲೈಟ್ ಇದೆಯಾ?’ ರೈಲು ನಿಲ್ದಾಣದ ಬಗ್ಗೆ, ಸಬ್‌ಅರ್ಬನ್ ಬಸ್ ಸ್ಟ್ಯಾಂಡಿನ ಬಗ್ಗೆ ಯಾರೂ ಹೀಗೆ ಕೇಳುವುದಿಲ್ಲ. ಎಂಬತ್ತು ವರ್ಷ ದಾಟಿದ ಒಂದು ನಿಲ್ದಾಣದ ಬಗ್ಗೆ ಊರಿನ ಜನಕ್ಕೆ ಇನ್ನೂ ಈ ಅನುಮಾನ ಉಳಿದಿರುವುದೇಕೆ ಎಂಬುದು ನನಗೆ ಇತಿಹಾಸದ ಪ್ರಶ್ನೆಯಾಗಿ ಕಂಡಿತು. ನನ್ನ ಪಿಎಚ್.ಡಿ. ವಿಷಯ ಹಳೆಯ ಮೈಸೂರು ಸಂಸ್ಥಾನದ ಲೋಕೋಪಯೋಗಿ ಕೆಲಸಗಳು. ಅದರ ಅಂಚಿನಲ್ಲಿ ಸಿಕ್ಕಿದ ಈ ರನ್‌ವೇ ಸ್ವಲ್ಪ ದಿನ ನನ್ನನ್ನು ದಾರಿ ತಪ್ಪಿಸಿತು ಅನ್ನಿ.

ವಿಮಾನ ನಿಲ್ದಾಣಗಳ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕಟ್ಟಡಗಳನ್ನು ಹಿಡಿಯುತ್ತಾರೆ. ಶಿಲಾನ್ಯಾಸ ಯಾವಾಗ, ಉದ್ಘಾಟನೆ ಯಾರಿಂದ, ಎಷ್ಟು ಕೋಟಿ. ಇವೆಲ್ಲ ಕಲ್ಲಿನ ಮೇಲೆ ಕೆತ್ತಿಟ್ಟ ಸಂಗತಿಗಳಾದ್ದರಿಂದ ಸುಲಭವಾಗಿ ಸಿಗುತ್ತವೆ. ಅಲ್ಲಿಂದ ವಿಮಾನ ಎಲ್ಲಿಗೆ ಹೋಗುತ್ತಿತ್ತು, ವಾರಕ್ಕೆ ಎಷ್ಟು ದಿನ, ಯಾವಾಗ ನಿಂತುಹೋಯಿತು ಎಂಬುದನ್ನು ಕಲ್ಲಿನಲ್ಲಿ ಯಾರೂ ಕೆತ್ತುವುದಿಲ್ಲ. ವಿಮಾನ ಕಂಪನಿಗಳ ವೇಳಾಪಟ್ಟಿ ವರ್ಷಕ್ಕೆರಡು ಬಾರಿ ಬದಲಾಗುತ್ತದೆ. ಮಾರ್ಚ್ ಕೊನೆಯ ಭಾನುವಾರದಿಂದ ಬೇಸಿಗೆಯ ಪಟ್ಟಿ, ಅಕ್ಟೋಬರ್ ಕೊನೆಯ ಭಾನುವಾರದಿಂದ ಚಳಿಗಾಲದ ಪಟ್ಟಿ. ಹೊಸದು ಬಂದ ದಿನ ಹಳೆಯದು ರದ್ದಿ. ಮಾರ್ಗ ಶುರುವಾದಾಗ ಮಂತ್ರಿಗಳು ಬರುತ್ತಾರೆ, ಇಳಿದ ವಿಮಾನಕ್ಕೆ ಅಗ್ನಿಶಾಮಕದ ಗಾಡಿಗಳು ನೀರು ಹಾರಿಸುತ್ತವೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ನಿಂತಾಗ ಮೂಲೆಯಲ್ಲೊಂದು ಸಣ್ಣ ಸುದ್ದಿ.

ಮಂಡಕಳ್ಳಿಯ ನಿಲ್ದಾಣವನ್ನು ಮೈಸೂರು ಸಂಸ್ಥಾನ ಕಟ್ಟಿಸಿದ್ದು 1940ರಲ್ಲಿ. ಸಂಸ್ಥಾನದ ಮಟ್ಟಿಗೆ ಅದು ದೊಡ್ಡ ವರ್ಷ. ಆಗಸ್ಟ್ ತಿಂಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು, ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದರು. ದಿವಾನರಾಗಿ ಇನ್ನೂ ಸರ್ ಮಿರ್ಜಾ ಇಸ್ಮಾಯಿಲ್ ಇದ್ದರು. ಅದೇ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಸಂಸ್ಥಾನದ ಬಂಡವಾಳವನ್ನೂ ಸೇರಿಸಿಕೊಂಡು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ಇಂದಿನ ಎಚ್‌ಎಎಲ್‌ನ ಮೂಲ ಅದು. ಅಂದರೆ ಒಂದೇ ವರ್ಷ ಸಂಸ್ಥಾನದ ರಾಜಧಾನಿಗೆ ರನ್‌ವೇ ಬಂತು, ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂತು. ಮುಂದಿನ ಕತೆಯ ಅರ್ಧ ಈ ಹಂಚಿಕೆಯಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಕಾರ್ಖಾನೆಗೆಂದು ಮಾಡಿದ ಬೆಂಗಳೂರಿನ ರನ್‌ವೇ ಆಮೇಲೆ ಆ ನಗರದ ನಾಗರಿಕ ವಿಮಾನ ನಿಲ್ದಾಣವೂ ಆಯಿತು. ಮೈಸೂರಿನ ರನ್‌ವೇ 1950ರಲ್ಲಿ ಕೇಂದ್ರದ ನಾಗರಿಕ ವಿಮಾನಯಾನ ಇಲಾಖೆಯ ಕೈಗೆ ಹೋಯಿತು. ಆದರೆ ಗಟ್ಟಿಯಾಗಿ ನೆಲೆಯೂರಿದ ನಿಗದಿತ ಸೇವೆಯೊಂದು ಅದರ ಪಾಲಿಗೆ ಬರಲಿಲ್ಲ.

ಇಲ್ಲಿ ಮಂಗಳೂರಿನ ಜೊತೆ ಹೋಲಿಸಿ ನೋಡಬೇಕು. ಬಜ್ಪೆಯ ನಿಲ್ದಾಣ ಹುಟ್ಟಿದ್ದು ಮಂಡಕಳ್ಳಿಗಿಂತ ಹನ್ನೊಂದು ವರ್ಷ ತಡವಾಗಿ, 1951ರ ಡಿಸೆಂಬರ್ 25ರಂದು. ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದರು. ಅಲ್ಲಿಯ ರನ್‌ವೇ ಗುಡ್ಡದ ನೆತ್ತಿಯ ಮೇಲಿನದು, ಮಳೆಗಾಲದಲ್ಲಿ ಇಳಿಯುವುದು ಕಷ್ಟ. ಆದರೂ ಬಜ್ಪೆಯ ವಿಮಾನಕ್ಕೆ ಜನ ಇದ್ದರು. ಮಂಗಳೂರಿಗೂ ಬೊಂಬಾಯಿಗೂ ನಡುವೆ ಕರಾವಳಿಯುದ್ದಕ್ಕೂ ನದಿಗಳು. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರಲ್ಲಿ. ಬೆಂಗಳೂರಿಗೆ ಹೋಗಬೇಕೆಂದರೆ ಘಟ್ಟ ಹತ್ತಬೇಕು. ಬೊಂಬಾಯಿಯಲ್ಲಿ ಹೋಟೆಲು, ಬ್ಯಾಂಕು ಎಂದು ನೆಲೆಸಿದವರು, ಆಮೇಲೆ ಕೊಲ್ಲಿಗೆ ಹೋದವರು, ಇವರೆಲ್ಲರ ಮನೆ ಕರಾವಳಿಯಲ್ಲಿತ್ತು. 2006ರ ಅಕ್ಟೋಬರಿನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದಾಗ ಅದು ದಶಕಗಳಿಂದ ಇದ್ದ ಓಡಾಟಕ್ಕೆ ತಡವಾಗಿ ಸಿಕ್ಕ ಸವಲತ್ತು. ಜನ ಮೊದಲು, ಮಾರ್ಗ ಆಮೇಲೆ.

ಮೈಸೂರಿನಲ್ಲಿ ಆದದ್ದು ಬೇರೆ. ಬೆಂಗಳೂರು–ಮೈಸೂರು ನಡುವೆ ರೈಲು 1882ರಿಂದಲೇ ಇದೆ. ನಡುವೆ ಘಟ್ಟವಿಲ್ಲ, ದಾಟಲಾಗದ ಹೊಳೆಯಿಲ್ಲ. ಇಂಥ ಎರಡು ಊರುಗಳ ನಡುವೆ ವಿಮಾನ ಓಡಿಸುವ ಯೋಚನೆ ಬಂದದ್ದು ವಾಯುದೂತ್‌ನ ಕಾಲದಲ್ಲಿ. ವಾಯುದೂತ್ ಎಂಬುದು ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸೇರಿ 1981ರಲ್ಲಿ ಹುಟ್ಟುಹಾಕಿದ ಸಂಸ್ಥೆ. ಮೊದಲ ಉದ್ದೇಶ ಈಶಾನ್ಯ ರಾಜ್ಯಗಳಿಗೆ ವಿಮಾನ ಒದಗಿಸುವುದಾಗಿತ್ತು. ಬರಬರುತ್ತಾ ದೇಶದ ಎಲ್ಲ ಮೂಲೆಗಳಿಂದ ‘ನಮ್ಮೂರಿಗೂ ಬೇಕು’ ಎಂಬ ಬೇಡಿಕೆ ಬಂತು, ಅದಕ್ಕೆ ಇಲ್ಲ ಎನ್ನಲು ಸಂಸ್ಥೆಗೆ ಆಗಲಿಲ್ಲ. 1980ರ ದಶಕದ ನಡುವಿನಲ್ಲಿ ಮೈಸೂರಿಗೂ ಡಾರ್ನಿಯರ್ 228 ಬಂತು. ಎಚ್‌ಎಎಲ್ ತನ್ನ ಕಾನ್ಪುರ ಘಟಕದಲ್ಲಿ ತಯಾರಿಸುತ್ತಿದ್ದ, ಹತ್ತೊಂಬತ್ತು ಜನ ಕೂರುವ ವಿಮಾನ. ಅದು ಮೈಸೂರಿನಿಂದ ಎಲ್ಲಿಗೆ ಹೋಗುತ್ತಿತ್ತು? ಬೆಂಗಳೂರಿಗೆ. ದಶಕ ಮುಗಿಯುವ ಹೊತ್ತಿಗೆ ಅದು ನಿಂತಿತು. 1993ರಲ್ಲಿ ವಾಯುದೂತ್ ಸಂಸ್ಥೆಯೇ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನವಾಯಿತು.

ಆಮೇಲೆ ಇಪ್ಪತ್ತು ವರ್ಷ ಮಂಡಕಳ್ಳಿಗೆ ನಿಗದಿತ ವಿಮಾನವಿಲ್ಲ. ಈ ಅವಧಿಯಲ್ಲಿ ಹೊರಗೆ ಲೋಕ ಬದಲಾಗಿತ್ತು. 1994ರಲ್ಲಿ ಸರ್ಕಾರಿ ಏಕಸ್ವಾಮ್ಯ ಹೋಗಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. 2003ರ ಆಗಸ್ಟಿನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ತನ್ನ ಮೊದಲ ಹಾರಾಟವನ್ನು ಬೆಂಗಳೂರು–ಹುಬ್ಬಳ್ಳಿ ನಡುವೆ ನಡೆಸಿತು. ಸಣ್ಣ ಊರುಗಳಿಗೂ ವಿಮಾನ ಬರಬಹುದು ಎಂಬ ಹುರುಪು ಆಗ ಎಲ್ಲೆಡೆ. ಮೈಸೂರಿನ ನಿಲ್ದಾಣವೂ ರಿಪೇರಿಯಾಯಿತು. ರನ್‌ವೇ 1740 ಮೀಟರಿಗೆ ಬೆಳೆಯಿತು, ಹೊಸ ಟರ್ಮಿನಲ್ ಬಂತು, 2010ರ ಮೇ ತಿಂಗಳಲ್ಲಿ ಉದ್ಘಾಟನೆಯೂ ಆಯಿತು. ಅಕ್ಟೋಬರಿನಲ್ಲಿ ಕಿಂಗ್‌ಫಿಷರ್‌ನ ಎಟಿಆರ್ ಬಂದಿಳಿಯಿತು. ಎಲ್ಲಿಂದ? ಬೆಂಗಳೂರಿನಿಂದಲೇ. ಒಂದು ವರ್ಷದ ಮೇಲೆ, 2011ರ ನವೆಂಬರಿನಲ್ಲಿ, ನಷ್ಟದ ಮಾರ್ಗಗಳನ್ನು ಕಂಪನಿ ಒಂದೊಂದಾಗಿ ಕೈಬಿಡತೊಡಗಿದಾಗ ಮೈಸೂರೂ ಹೋಯಿತು. 2013ರ ಜನವರಿಯಲ್ಲಿ ಸ್ಪೈಸ್‌ಜೆಟ್ ಬಂತು, ಚೆನ್ನೈನಿಂದ ಬೆಂಗಳೂರು ಮಾರ್ಗವಾಗಿ. 2014ರಲ್ಲಿ ಅದೂ ನಿಂತಿತು. 2015ರಲ್ಲಿ ಅಲಯನ್ಸ್ ಏರ್ ಬಂತು, ಮತ್ತೆ ಬೆಂಗಳೂರಿನಿಂದ. ಕೆಲವೇ ತಿಂಗಳು.

ಪ್ರತಿಸಲ ನಿಂತಾಗಲೂ ಕೊಟ್ಟ ಕಾರಣ ಒಂದೇ: ಪ್ರಯಾಣಿಕರಿಲ್ಲ. ಮೈಸೂರಿನವರು ವಿಮಾನ ಹತ್ತುವುದಿಲ್ಲ, ಅದು ಪಿಂಚಣಿದಾರರ ಊರು ಎಂಬ ಮಾತೂ ಆಗಾಗ ಕೇಳಿಬಂತು. ಈ ಕಾರಣವನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು, ನಗರದ ಉತ್ತರಕ್ಕೆ. ಮೈಸೂರು ಇರುವುದು ನೈರುತ್ಯಕ್ಕೆ. ಮಂಡಕಳ್ಳಿಯಿಂದ ದೇವನಹಳ್ಳಿಗೆ ಆಕಾಶದಲ್ಲಿ ಸುಮಾರು 160 ಕಿ.ಮೀ. ಬೆಂಗಳೂರು ನಗರದಲ್ಲಿ ಕೆಲಸವಿರುವವನು ಒಂದು ಗಂಟೆ ಮೊದಲು ಮಂಡಕಳ್ಳಿಗೆ ಹೋಗಿ, ಅರ್ಧ ಮುಕ್ಕಾಲು ಗಂಟೆ ಹಾರಿ, ಊರು ದಾಟಿ ದೇವನಹಳ್ಳಿಯಲ್ಲಿ ಇಳಿದು, ಮತ್ತೆ ಟ್ಯಾಕ್ಸಿಯಲ್ಲಿ ಹಿಂದಕ್ಕೆ ಬರಬೇಕು. ಅಷ್ಟರಲ್ಲಿ ರೈಲಿನಲ್ಲಿ ಬಂದವನು ಮೆಜೆಸ್ಟಿಕ್‌ನಲ್ಲಿ ಇಳಿದು ಕಾಫಿ ಕುಡಿದಿರುತ್ತಾನೆ. ಕಂಪನಿಯ ಕಡೆಯಿಂದ ನೋಡಿದರೂ ಕಷ್ಟವೇ. ವಿಮಾನಕ್ಕೆ ಹೆಚ್ಚು ಇಂಧನ ಬೇಕಾಗುವುದು ಮೇಲೇರುವಾಗ. ಇಳಿಯುವ ಶುಲ್ಕ, ನೆಲದ ಮೇಲಿನ ಸಿಬ್ಬಂದಿ, ಒಮ್ಮೆ ಇಳಿದು ಮತ್ತೆ ಹೊರಡಲು ಬೇಕಾದ ಸಮಯ, ಇವು 160 ಕಿ.ಮೀ.ಗೂ ಅಷ್ಟೆ, 600 ಕಿ.ಮೀ.ಗೂ ಅಷ್ಟೆ. ಟಿಕೆಟಿನ ದರವನ್ನು ಮಾತ್ರ ಬಸ್ಸಿನ ಜೊತೆ ಪೈಪೋಟಿ ಮಾಡಿ ಇಡಬೇಕು.

ಹಾಗಾದರೆ ಮೈಸೂರಿನವರು ವಿಮಾನ ಹತ್ತುತ್ತಿರಲಿಲ್ಲವೇ? ಹತ್ತುತ್ತಿದ್ದರು, ದೇವನಹಳ್ಳಿಯಲ್ಲಿ. ಮೈಸೂರಿನ ಬಸ್ ಸ್ಟ್ಯಾಂಡಿನಿಂದ ನೇರವಾಗಿ ಅಲ್ಲಿಗೆ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದಕ್ಕೆ ಸಾಕ್ಷಿ. ರಾತ್ರಿಯಿಡೀ ಓಡುವ ಆ ಬಸ್ಸುಗಳಲ್ಲಿ ದೆಹಲಿಗೆ, ಪುಣೆಗೆ, ದುಬೈಗೆ, ಅಮೆರಿಕಕ್ಕೆ ಹೋಗುವವರು ಸೂಟ್‌ಕೇಸ್ ಹಿಡಿದು ಕೂತಿರುತ್ತಾರೆ. ನನ್ನ ಮಟ್ಟಿಗೆ ಮೈಸೂರಿನ ವಿಮಾನಯಾನದ ಇತಿಹಾಸದಲ್ಲಿ ಎಲ್ಲಕ್ಕಿಂತ ಗೆದ್ದ ಸೇವೆ ಈ ಬಸ್ಸು.

ವಾಯುದೂತ್‌ನಿಂದ ಅಲಯನ್ಸ್ ಏರ್‌ವರೆಗೆ ಮಾರ್ಗ ಗುರುತಿಸಿದವರೆಲ್ಲ ಮೈಸೂರನ್ನು ಬೆಂಗಳೂರಿನ ಬಾಲವೆಂದೇ ನೋಡಿದರು. ಕಂಪನಿಗೆ ಕಷ್ಟ ಬಂದಾಗ ಮೊದಲು ಕತ್ತರಿಸುವುದು ಬಾಲವನ್ನೇ. ಮೈಸೂರಿನವರಿಗೆ ಬೆಂಗಳೂರನ್ನು ಬಿಟ್ಟು ಬೇರೆ ಎಲ್ಲಿಗೆ ಹೋಗಬೇಕಿದೆ ಎಂಬ ಪ್ರಶ್ನೆಗೆ ವೇಳಾಪಟ್ಟಿಯಲ್ಲಿ ಮೊದಲ ಉತ್ತರ ಸಿಕ್ಕಿದ್ದು 2017ರ ಸೆಪ್ಟೆಂಬರಿನಲ್ಲಿ. ಟ್ರೂಜೆಟ್ ಕಂಪನಿ ಮೈಸೂರಿನಿಂದ ಚೆನ್ನೈಗೆ ನೇರ ವಿಮಾನ ಹಾಕಿತು, ನಡುವೆ ಬೆಂಗಳೂರಿನಲ್ಲಿ ಇಳಿಯದೆ.

ಅದು ಬಂದದ್ದು ಕೇಂದ್ರದ ಉಡಾನ್ ಯೋಜನೆಯಡಿ. ಯೋಜನೆಯ ಕ್ರಮ ಹೀಗೆ: ವಿಮಾನವಿಲ್ಲದ ಅಥವಾ ತೀರಾ ಕಡಿಮೆ ಇರುವ ಊರುಗಳಿಗೆ ಕಂಪನಿಗಳು ಮಾರ್ಗಗಳನ್ನು ಹರಾಜಿನಲ್ಲಿ ಪಡೆಯುತ್ತವೆ. ಅರ್ಧದಷ್ಟು ಸೀಟುಗಳನ್ನು ನಿಗದಿತ ಮಿತಿಯೊಳಗಿನ ದರಕ್ಕೆ ಮಾರಬೇಕು, ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ ಅದು ಸುಮಾರು 2500 ರೂಪಾಯಿ ಇತ್ತು. ಅದರಿಂದಾಗುವ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಸುಂಕದಿಂದ ದೊಡ್ಡ ಪಾಲು, ರಾಜ್ಯದಿಂದ ಶೇ. 20. ಆ ಮೂರು ವರ್ಷ ಅದೇ ಮಾರ್ಗದಲ್ಲಿ ಬೇರೆ ಕಂಪನಿಗೆ ಅವಕಾಶವಿಲ್ಲ.

ಇದರಲ್ಲಿ ಒಂದು ತಮಾಷೆಯಿದೆ. ವಿಮಾನ ಇಲ್ಲದಿರುವುದೇ ಒಂದು ಅರ್ಹತೆಯಾಯಿತು. ಮೈಸೂರು ಹೀಗೆ ಪಾಸಾಯಿತು. ಹುಬ್ಬಳ್ಳಿಯೂ ಪಟ್ಟಿ ಸೇರಿತು. ಅಲ್ಲಿಂದ ನೂರು ಕಿ.ಮೀ. ಆಚೆಗಿರುವ ಬೆಳಗಾವಿಯಲ್ಲಿ ಆಗ ವಿಮಾನಗಳು ಚೆನ್ನಾಗಿಯೇ ಓಡುತ್ತಿದ್ದವು, ಹಾಗಾಗಿ ಅದಕ್ಕೆ ಯೋಜನೆಯಲ್ಲಿ ಜಾಗ ಸಿಗಲಿಲ್ಲ. 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ತನ್ನ ವಿಮಾನಗಳನ್ನು ಬೆಳಗಾವಿಯಿಂದ ಎತ್ತಿ ಹುಬ್ಬಳ್ಳಿಗೆ ಒಯ್ದಿತು. ಬೆಳಗಾವಿಯಲ್ಲಿ ಪ್ರತಿಭಟನೆ, ಮನವಿ ಎಲ್ಲ ಆಯಿತು. ಕೊನೆಗೆ 2019ರ ಜನವರಿಯಲ್ಲಿ ಉಡಾನ್‌ನ ಮೂರನೇ ಸುತ್ತಿನಲ್ಲಿ ಅದಕ್ಕೂ ಹಲವು ಮಾರ್ಗಗಳು ದಕ್ಕಿದವು. ಆ ಎಂಟು ತಿಂಗಳಲ್ಲಿ ಬೆಳಗಾವಿಯ ಪ್ರಯಾಣಿಕರು ಬದಲಾಗಿರಲಿಲ್ಲ, ಸಹಾಯಧನ ಯಾರಿಗೆ ಎಂಬುದಷ್ಟೇ ಬದಲಾಗಿತ್ತು.

ಮೈಸೂರಿಗೆ ಮೂರನೇ ಸುತ್ತು ಸುಗ್ಗಿಯ ಕಾಲ. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರಿನ ಜೊತೆಗೆ ಹೈದರಾಬಾದ್, ಕೊಚ್ಚಿ, ಗೋವಾಗಳಿಗೂ ಹಾರತೊಡಗಿತು. 2020ರ ಆರಂಭದಲ್ಲಿ ಟ್ರೂಜೆಟ್ ಬೆಳಗಾವಿಗೆ ಕೊಂಡಿ ಹಾಕಿತು. ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾದ ದಾರಿ ಅದು, ರಾಜ್ಯದ ಒಳಗೇ ವಿಮಾನಕ್ಕೆ ಅರ್ಥ ಕೊಡುವಂಥ ದೂರ. ಅಷ್ಟರಲ್ಲಿ ಕೊರೊನಾ. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಎಲ್ಲ ನಿಗದಿತ ಹಾರಾಟ ಬಂದ್. ಆ ಡಿಸೆಂಬರಿನಲ್ಲಿ ಮಂಗಳೂರಿಗೂ ಒಂದು ವಿಮಾನ ಬಂತು. 2022ರ ಫೆಬ್ರವರಿಯಲ್ಲಿ ಟ್ರೂಜೆಟ್ ಹಾರಾಟ ನಿಲ್ಲಿಸಿತು, ಉಡಾನ್‌ನ ಮೂರು ವರ್ಷದ ಗಡುವೂ ಮುಗಿಯುತ್ತಾ ಬಂತು. ಕೊಚ್ಚಿ, ಗೋವಾ, ಬೆಳಗಾವಿ, ಮಂಗಳೂರು ಹೆಸರುಗಳು ಪಟ್ಟಿಯಿಂದ ಅಳಿಸಿಹೋದವು. ಗಟ್ಟಿಯಾಗಿ ನಿಂತವು ಹೈದರಾಬಾದ್ ಮತ್ತು ಚೆನ್ನೈ, ಇಂಡಿಗೋದ ಎಟಿಆರ್‌ನಲ್ಲಿ.

ಇದು ಮೈಸೂರೊಂದರ ಹಣೆಬರಹವಲ್ಲ. 2023ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಯ ಅಂಕಿಗಳನ್ನು ನೋಡಿ. ಉಡಾನ್‌ನ ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಶುರುವಾದದ್ದು 371. ಮೂರು ವರ್ಷ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ, 2023ರ ಮಾರ್ಚ್ ಹೊತ್ತಿಗೆ ಓಡುತ್ತಿದ್ದದ್ದು 54. ಆ 54ನ್ನು ಸೋಲು ಎಂದು ಬಿಡುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಯಾವ ಊರಿಗೆ ಯಾವ ಊರು ನಿಜವಾಗಿ ಬೇಕಿತ್ತು ಎಂಬುದಕ್ಕೆ ನಮ್ಮ ಬಳಿ ಇರುವ ಒಳ್ಳೆಯ ದಾಖಲೆ ಆ ಉಳಿದ ಮಾರ್ಗಗಳೇ. ಮುಂದಿನ ಮಾರ್ಗ ಹಂಚುವವರು ಅದನ್ನು ಓದುತ್ತಾರೋ ಇಲ್ಲವೋ ಎಂಬುದು ಬೇರೆ ಮಾತು.

ಈ ಓದು ಈಗ ತುರ್ತಾಗಿ ಬೇಕಿರುವುದು ಮಂಡಕಳ್ಳಿಯ ಮುಂದಿನ ಯೋಜನೆಗಾಗಿ. 1740 ಮೀಟರ್ ರನ್‌ವೇಯನ್ನು 2750 ಮೀಟರಿಗೆ ಹಿಗ್ಗಿಸಿ ದೊಡ್ಡ ಜೆಟ್‌ಗಳನ್ನು ತರಬೇಕೆಂಬ ಮಾತು ಹಲವು ವರ್ಷಗಳಿಂದ ನಡೆದಿದೆ. ರನ್‌ವೇ ಒಂದು ತುದಿಯಲ್ಲಿ ನಂಜನಗೂಡು ಹೆದ್ದಾರಿಗೆ ತಾಗುತ್ತದೆ. ಹೆದ್ದಾರಿಯನ್ನು ರನ್‌ವೇಯ ಅಡಿಯಲ್ಲಿ ಹಾಯಿಸುವ ಪ್ರಸ್ತಾವವೂ ಬಂದುಹೋಗಿದೆ. ಉಳಿದಂತೆ ಬೇಕಾಗಿರುವುದು ಸುತ್ತಲಿನ ರೈತರ ಜಮೀನು. ಈ ನಡುವೆ ಬೆಂಗಳೂರಿಗೆ 2022ರ ನವೆಂಬರಿನಲ್ಲಿ ವಂದೇ ಭಾರತ್ ಬಂತು, 2023ರ ಮಾರ್ಚಿನಲ್ಲಿ ದಶಪಥ ಹೆದ್ದಾರಿ ತೆರೆಯಿತು. ಹಾಗಿದ್ದರೂ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಬೆಂಗಳೂರು ವಿಮಾನ ಮತ್ತೆ ಬರಲಿ ಎಂದು ಕೇಳುತ್ತಾರೆ. ಭೂಸ್ವಾಧೀನದ ಕಡತದ ಜೊತೆ ಫ್ಲೈಬಸ್ಸಿನ ಪ್ರಯಾಣಿಕರ ಲೆಕ್ಕವನ್ನೂ ಇಟ್ಟು ನೋಡಬೇಕು ಎಂಬುದು ನನ್ನ ಸಲಹೆ. ರಾತ್ರಿ ಆ ಬಸ್ಸು ಹತ್ತಿದವರು ದೇವನಹಳ್ಳಿಯಲ್ಲಿ ಇಳಿದು ಮುಂದೆ ಯಾವ ಊರಿನ ವಿಮಾನ ಹಿಡಿಯುತ್ತಾರೆ ಎಂದು ಒಂದು ತಿಂಗಳು ಕೇಳಿ ಬರೆದುಕೊಂಡರೂ ಸಾಕು, ಜಮೀನು ಬಿಟ್ಟುಕೊಡಬೇಕಾದ ರೈತನಿಗೆ ತೋರಿಸಲು ಒಂದು ಪಟ್ಟಿಯಾದರೂ ಇರುತ್ತದೆ.