ದೀರ್ಘಕಾಲದ ನಂತರ ಮೋಟಾರ್ ಸೈಕಲ್ ಚಾಲನೆಗೆ ಮರಳುವವರಿಗೆ ಮಾಹಿತಿ

(ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಸಾರ್ವಜನಿಕರಿಗಾಗಿ)

ಉದ್ಯೋಗಕ್ಕಾಗಿ ಪರಸ್ಥಳಕ್ಕೆ ತೆರಳಿದವರು, ಕೌಟುಂಬಿಕ ಜವಾಬ್ದಾರಿಯಿಂದ ವಾಹನ ಬಿಟ್ಟವರು, ಅನಾರೋಗ್ಯ ಅಥವಾ ಅಪಘಾತಕ್ಕೆ ಒಳಗಾದವರು ಹಲವು ವರ್ಷಗಳ ತರುವಾಯ ಮತ್ತೆ ಮೋಟಾರ್ ಸೈಕಲ್ ಚಲಾಯಿಸಲು ಮುಂದಾದಾಗ ಭಯಪಡುವುದು ಸಹಜ. ಈ ಭಯವನ್ನು ನ್ಯೂನತೆಯೆಂದು ಭಾವಿಸಬೇಕಾಗಿಲ್ಲ. ಕೈಕಾಲುಗಳ ರೂಢಿ ತಪ್ಪಿದೆ, ರಸ್ತೆ ಮತ್ತು ವಾಹನ ಎರಡೂ ಬದಲಾಗಿವೆ ಎಂಬುದರ ಸೂಚನೆ ಅದು. ಅನುಜ್ಞಾ ಪತ್ರವನ್ನು ನವೀಕರಿಸಿದ ಮಾತ್ರಕ್ಕೆ ಚಾಲನಾ ಕೌಶಲ್ಯ ನವೀಕರಣಗೊಳ್ಳುವುದಿಲ್ಲ. ಆದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ಪೂರೈಸಿಕೊಳ್ಳುವುದು ಅವಶ್ಯ.

1. ಚಾಲನಾ ಅನುಜ್ಞಾ ಪತ್ರದ ಪರಿಶೀಲನೆ

2019ರ ತಿದ್ದುಪಡಿಗೆ ಮುನ್ನ ಸಾರಿಗೇತರ ವಾಹನಗಳ ಅನುಜ್ಞಾ ಪತ್ರವನ್ನು 20 ವರ್ಷ ಅಥವಾ 50 ವರ್ಷ ವಯಸ್ಸು, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ನೀಡಲಾಗುತ್ತಿತ್ತು. ಉದಾಹರಣೆಗೆ, 2003ರಲ್ಲಿ ತಮ್ಮ 20ನೇ ವಯಸ್ಸಿನಲ್ಲಿ ಪಡೆದವರ ಅನುಜ್ಞಾ ಪತ್ರವು 2023ರಲ್ಲಿಯೇ ಮುಕ್ತಾಯಗೊಂಡಿರುತ್ತದೆ. ಮುಕ್ತಾಯದ ನಂತರ ಹಿಂದೆ ಇದ್ದ 30 ದಿನಗಳ ವಿನಾಯಿತಿ ಈಗ ಇರುವುದಿಲ್ಲ.

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 15ರ ಪ್ರಕಾರ:

ಅ) ಅವಧಿ ಮುಗಿಯುವ 1 ವರ್ಷ ಮೊದಲು ಅಥವಾ ಮುಗಿದ 1 ವರ್ಷದೊಳಗೆ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು.

ಆ) ಅವಧಿ ಮುಗಿದು 1 ವರ್ಷ ಮೀರಿದ್ದಲ್ಲಿ ಚಾಲನಾ ಸಾಮರ್ಥ್ಯ ಪರೀಕ್ಷೆಗೆ ಹಾಜರಾಗಿ ಉತ್ತೀರ್ಣರಾಗತಕ್ಕದ್ದು.

ಇ) 40 ವರ್ಷ ಪೂರೈಸಿದವರು ಅರ್ಜಿಯೊಂದಿಗೆ ನಮೂನೆ 1-ಎ ರಲ್ಲಿ ವೈದ್ಯಕೀಯ ಪ್ರಮಾಣ ಪತ್ರ ಲಗತ್ತಿಸತಕ್ಕದ್ದು.

ಅರ್ಜಿಯನ್ನು ಸಾರಥಿ ಜಾಲತಾಣದ ಮೂಲಕ ಸಲ್ಲಿಸುವುದು. ಬಾಗಲಕೋಟೆ ಜಿಲ್ಲೆಯು 1997ರಲ್ಲಿ ರಚನೆಯಾಗುವುದಕ್ಕೆ ಮುನ್ನ ಈ ಭಾಗವು ವಿಜಾಪುರ ಜಿಲ್ಲೆಗೆ ಸೇರಿತ್ತು. ಅಂದಿನ ಪುಸ್ತಕ ಮಾದರಿಯ ಅನುಜ್ಞಾ ಪತ್ರವನ್ನು ಹೊಂದಿರುವವರು, ತಮ್ಮ ವಿವರ ಗಣಕೀಕೃತವಾಗಿದೆಯೇ ಎಂಬುದನ್ನು ಮೂಲ ಪುಸ್ತಕದೊಂದಿಗೆ ಕಛೇರಿಗೆ ಭೇಟಿ ನೀಡಿ ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ. ಗೇರ್ ರಹಿತ ವಾಹನಕ್ಕೆ ಮಾತ್ರ ಅನುಮತಿ ಇರುವವರು ಗೇರ್ ಸಹಿತ ಮೋಟಾರ್ ಸೈಕಲ್ ಚಲಾಯಿಸುವಂತಿಲ್ಲ. ಆ ವರ್ಗವನ್ನು ಸೇರ್ಪಡೆ ಮಾಡಿಸಿಕೊಳ್ಳಬೇಕು.

ಸಿಂಧುವಲ್ಲದ ಅನುಜ್ಞಾ ಪತ್ರದೊಂದಿಗೆ ಅಪಘಾತ ಸಂಭವಿಸಿದಲ್ಲಿ, ವಿಮಾ ಸಂಸ್ಥೆಯು ತಾನು ಪಾವತಿಸಿದ ಪರಿಹಾರದ ಮೊತ್ತವನ್ನು ವಾಹನ ಮಾಲೀಕರಿಂದ ವಸೂಲು ಮಾಡುವ ಸಂಭವವಿರುತ್ತದೆ. ಒಂದು ಅಜಾಗರೂಕತೆಯಿಂದ ಹೊಲ-ಮನೆಯವರೆಗೂ ಸಂಕಷ್ಟ ಬರಬಹುದು ಎಂಬುದನ್ನು ಗಮನದಲ್ಲಿರಿಸಿಕೊಳ್ಳುವುದು.

2. ವಾಹನದ ದಾಖಲೆ ಮತ್ತು ಸುಸ್ಥಿತಿ

ಮನೆಯಲ್ಲಿ ನಿಲ್ಲಿಸಿಟ್ಟ ಹಳೆಯ ವಾಹನವನ್ನೇ ಬಳಸುವುದಾದಲ್ಲಿ, ನೋಂದಣಿಯ 15 ವರ್ಷಗಳ ಅವಧಿ ಮುಗಿದಿದ್ದರೆ ಅದನ್ನು ನವೀಕರಿಸಿಕೊಳ್ಳಬೇಕು. ನವೀಕರಣವು 5 ವರ್ಷಗಳ ಅವಧಿಗೆ ದೊರೆಯುತ್ತದೆ. ಜಾರಿಯಲ್ಲಿರುವ ವಿಮೆ ಮತ್ತು ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರ ಕಡ್ಡಾಯ. ಬಹಳ ಕಾಲ ನಿಂತ ವಾಹನದ ಟೈರು ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಗಡುಸಾಗಿ ಬಿರುಕು ಬಿಟ್ಟಿರಬಹುದು. ಟೈರು, ಬ್ರೇಕ್, ಕೇಬಲ್, ಚೈನು ಹಾಗೂ ದೀಪಗಳನ್ನು ಮೆಕ್ಯಾನಿಕ್‌ರಿಂದ ಪರೀಕ್ಷಿಸಿದ ನಂತರವೇ ರಸ್ತೆಗೆ ಇಳಿಸುವುದು.

3. ಬದಲಾಗಿರುವ ವಾಹನಗಳು

ಭಯಕ್ಕೆ ಮುಖ್ಯ ಕಾರಣ ಕೈಕಾಲುಗಳಲ್ಲಿ ಉಳಿದಿರುವ ಹಳೆಯ ರೂಢಿ. ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ ಇತ್ತು. ಇಂದಿನ ಮೋಟಾರ್ ಸೈಕಲ್‌ಗಳಲ್ಲಿ ಗೇರ್ ಎಡಗಾಲಿಗೆ, ಬ್ರೇಕ್ ಬಲಗಾಲಿಗೆ ಇದೆ. ಗಾಬರಿಯಾದಾಗ ಕಾಲು ಹಳೆಯ ಕಡೆಗೇ ಹೋಗುತ್ತದೆ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯಂತಹ ಟೂ ಸ್ಟ್ರೋಕ್ ವಾಹನಗಳಿಗೆ ಹೊಂದಿಕೊಂಡವರಿಗೆ, ಫೋರ್ ಸ್ಟ್ರೋಕ್ ಎಂಜಿನ್ ಆಕ್ಸಿಲರೇಟರ್ ಬಿಟ್ಟೊಡನೆ ವಾಹನವನ್ನು ಹೆಚ್ಚು ತಡೆಯುವುದು ಹೊಸದೆನಿಸಬಹುದು. ಮುಂದಿನ ಡಿಸ್ಕ್ ಬ್ರೇಕನ್ನು ಹಳೆಯ ಡ್ರಮ್ ಬ್ರೇಕಿನಂತೆ ಗಟ್ಟಿಯಾಗಿ ಹಿಚುಕಿದರೆ ವಾಹನ ಜಾರಬಹುದು.

2019ರ ಏಪ್ರಿಲ್ 1ರಿಂದ ಮಾರಾಟವಾಗುವ ಹೊಸ ದ್ವಿಚಕ್ರ ವಾಹನಗಳಲ್ಲಿ 125 ಸಿಸಿ ಮೀರಿದವುಗಳಿಗೆ ಎಬಿಎಸ್, ಅದಕ್ಕಿಂತ ಕಡಿಮೆ ಸಾಮರ್ಥ್ಯದವುಗಳಿಗೆ ಕನಿಷ್ಠ ಸಿಬಿಎಸ್ ಕಡ್ಡಾಯವಾಗಿದೆ. ಎಬಿಎಸ್ ಚಕ್ರ ಕಚ್ಚಿಕೊಂಡು ನಿಲ್ಲದಂತೆ ತಡೆಯುತ್ತದೆ. ಸಿಬಿಎಸ್‌ನಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಗಳಿಗೆ ತಡೆ ಬೀಳುತ್ತದೆ. 2017ರ ಏಪ್ರಿಲ್‌ನಿಂದ ಹೊಸ ವಾಹನಗಳ ಮುಂದೀಪ ಹಗಲಿನಲ್ಲಿಯೂ ಉರಿಯುತ್ತದೆ. ದೀಪ ಆರಿಸುವಂತೆ ಎದುರಿನವರು ಕೈಸನ್ನೆ ಮಾಡಿದಲ್ಲಿ ಗಲಿಬಿಲಿಗೊಳ್ಳಬೇಕಾಗಿಲ್ಲ.

4. ಹಂತ ಹಂತವಾಗಿ ಅಭ್ಯಾಸ

ಅನುಜ್ಞಾ ಪತ್ರದ ಅವಧಿ ಮುಗಿದವರು ಅದು ಮರಳಿ ಸಿಂಧುವಾಗುವವರೆಗೆ ಸಾರ್ವಜನಿಕ ಸ್ಥಳದಲ್ಲಿ ಅಭ್ಯಾಸ ಮಾಡುವಂತಿಲ್ಲ. ಪರೀಕ್ಷೆಗೆ ಬರುವಾಗಲೂ ಸಿಂಧು ಅನುಜ್ಞಾ ಪತ್ರವುಳ್ಳ ಬೇರೊಬ್ಬರು ವಾಹನವನ್ನು ತರತಕ್ಕದ್ದು. ಅಲ್ಲಿಯವರೆಗೆ ಸ್ವಂತ ಹೊಲದ ಕಣದಂತಹ ಖಾಸಗಿ ಸಮತಟ್ಟು ಜಾಗ ಸಾಕಾಗುತ್ತದೆ.

ಮೊದಲ ಹಂತ: ಎಂಜಿನ್ ಚಾಲೂ ಮಾಡದೆ ವಾಹನವನ್ನು ತಳ್ಳುವುದು, ತಿರುಗಿಸುವುದು, ಸ್ಟ್ಯಾಂಡ್ ಹಾಕುವುದು. ವಾಹನದ ತೂಕದ ಭಯ ಇಲ್ಲಿಯೇ ಕಡಿಮೆಯಾಗುತ್ತದೆ.

ಎರಡನೇ ಹಂತ: ಕ್ಲಚ್ ನಿಧಾನವಾಗಿ ಬಿಟ್ಟು ಹತ್ತು ಹೆಜ್ಜೆ ದೂರ ಸಾಗಿ ನಿಲ್ಲಿಸುವುದು. ಹೊರಡುವುದಕ್ಕಿಂತ ನಿಲ್ಲಿಸುವುದನ್ನು ಹೆಚ್ಚು ಬಾರಿ ರೂಢಿಸಿಕೊಳ್ಳುವುದು. ನಿಲ್ಲಿಸಬಲ್ಲೆ ಎಂಬ ಭರವಸೆಯೇ ಧೈರ್ಯದ ಮೂಲ.

ಮೂರನೇ ಹಂತ: ಕಾಲೂರದೆ ಎಂಟರ ಆಕಾರದಲ್ಲಿ ತಿರುಗುವುದು, ಎರಡೂ ಬ್ರೇಕ್ ಒಟ್ಟಿಗೆ ಬಳಸುವುದು.

ನಾಲ್ಕನೇ ಹಂತ: ಅನುಜ್ಞಾ ಪತ್ರ ಸಿಂಧುವಾದ ನಂತರ ಬೆಳಗಿನ ಹೊತ್ತು ಜನಸಂಚಾರ ಕಡಿಮೆ ಇರುವ ಪರಿಚಿತ ರಸ್ತೆಯಲ್ಲಿ ಸಾಗುವುದು. ಪೇಟೆ, ಹೆದ್ದಾರಿ, ರಾತ್ರಿ ಚಾಲನೆ ಮತ್ತು ಹಿಂಬದಿ ಸವಾರರನ್ನು ಕೂರಿಸಿಕೊಳ್ಳುವುದು ಕ್ರಮವಾಗಿ ನಂತರದ ಹಂತಗಳು.

ಗಂಟೆಗೆ 40 ಕಿ.ಮೀ. ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ವೇಗ 60ಕ್ಕೆ ಏರಿದಾಗ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಹಿಂದಿನವರು ಹಾರ್ನ್ ಹಾಕಿದರೆಂದು ವೇಗ ಹೆಚ್ಚಿಸದೆ, ಎಡಕ್ಕೆ ಸರಿದು ದಾರಿ ಬಿಡುವುದು.

5. ಈ ಭಾಗದ ರಸ್ತೆಗಳಲ್ಲಿ ವಿಶೇಷ ಎಚ್ಚರಿಕೆ

ಈ ನಾಲ್ಕೂ ತಾಲ್ಲೂಕುಗಳು ಕಬ್ಬು ಬೆಳೆಯುವ ಪ್ರದೇಶಗಳು. ನುರಿಸುವ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಾಗೂ ಚಕ್ಕಡಿಗಳು ರಾತ್ರಿಯೂ ಸಂಚರಿಸುತ್ತವೆ. ಹಿಂಬದಿ ದೀಪ ಅಥವಾ ಪ್ರತಿಫಲಕವಿಲ್ಲದ ಟ್ರೇಲರ್ ಕತ್ತಲಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಹೊಸದಾಗಿ ಮರಳಿದವರು ಈ ಅವಧಿಯಲ್ಲಿ ರಾತ್ರಿ ಚಾಲನೆಯನ್ನು ಮುಂದೂಡುವುದು ಲೇಸು. ಎರಡನೇ ಟ್ರೇಲರ್ ಇರುವುದನ್ನು ಗಮನಿಸದೆ ಓವರ್‌ಟೇಕ್ ಮಾಡಬಾರದು.

ಹೊಲದಿಂದ ಬರುವ ಗಾಲಿಗಳು ರಸ್ತೆಗೆ ತರುವ ಎರೆಮಣ್ಣು ಮೊದಲ ಮಳೆಗೆ ಜಾರುತ್ತದೆ. ರಸ್ತೆಯ ಮೇಲೆ ಬಿದ್ದ ಕಬ್ಬಿನ ರವದಿ ಹಾಗೂ ಒಕ್ಕಣೆಗೆ ಹಾಕಿದ ಕಾಳುಕಡಿಯ ಮೇಲೆಯೂ ಹೀಗೆಯೇ. ಇಂತಹ ಕಡೆ ಮೊದಲೇ ವೇಗ ತಗ್ಗಿಸಿ, ಬ್ರೇಕ್ ಹಿಡಿಯದೆ ನೇರವಾಗಿ ದಾಟುವುದು. ಬೀಳಗಿ ತಾಲ್ಲೂಕಿನ ಕೊರ್ತಿ ಮತ್ತು ಕೊಲ್ಹಾರ ನಡುವಿನ ಕೃಷ್ಣಾ ಸೇತುವೆಯಂತಹ ಉದ್ದನೆಯ ಸೇತುವೆಗಳ ಮೇಲೆ ಅಡ್ಡಗಾಳಿಗೆ ವಾಹನ ಪಕ್ಕಕ್ಕೆ ಸರಿಯಬಹುದು; ಹ್ಯಾಂಡಲ್ ಬಿಗಿಯಾಗಿ ಹಿಡಿಯದೆ ವೇಗ ಕಡಿಮೆ ಮಾಡುವುದು.

6. ಆರೋಗ್ಯ ಮತ್ತು ಅಪಘಾತದ ನೆನಪು

ನಮೂನೆ 1ರ ಸ್ವಯಂ ಘೋಷಣೆಯಲ್ಲಿ, ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನೋಂದಣಿ ಫಲಕವನ್ನು ಗುರುತಿಸಬಲ್ಲಿರಾ ಎಂದು ಕೇಳಲಾಗುತ್ತದೆ. ಇದನ್ನು ಮನೆಯ ಮುಂದೆಯೇ ಪರೀಕ್ಷಿಸಿಕೊಳ್ಳಬಹುದು. ಮೂರ್ಛೆರೋಗ, ತಲೆಸುತ್ತು, ಇರುಳುಗಣ್ಣು ಇದ್ದಲ್ಲಿ ಮರೆಮಾಚದೆ ವೈದ್ಯರಿಗೆ ತಿಳಿಸತಕ್ಕದ್ದು.

ಅಪಘಾತದ ದೃಶ್ಯ ಪದೇ ಪದೇ ಕಣ್ಣ ಮುಂದೆ ಬರುವುದು, ನಿದ್ರೆ ಕೆಡುವುದು, ವಾಹನ ಕಂಡೊಡನೆ ಎದೆ ಬಡಿತ ಏರುವುದು ವಾರಗಟ್ಟಲೆ ಮುಂದುವರೆದಲ್ಲಿ, ಅಭ್ಯಾಸ ಮಾತ್ರದಿಂದ ಅದು ನಿವಾರಣೆಯಾಗುತ್ತದೆಂದು ಕಾಯಬಾರದು. 2022ರಲ್ಲಿ ಆರಂಭಗೊಂಡ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಮನೆಯವರು ಹಾಸ್ಯ ಮಾಡುವುದಾಗಲಿ ಒತ್ತಾಯಿಸುವುದಾಗಲಿ ತರವಲ್ಲ.

7. ಹೆಲ್ಮೆಟ್

ಐಎಸ್‌ಐ ಗುರುತಿನ ಹೆಲ್ಮೆಟ್ ಸವಾರರಿಗೂ ಹಿಂಬದಿ ಸವಾರರಿಗೂ ಕಡ್ಡಾಯ. ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದಾಗ ತಲೆಯಲ್ಲಿ ಉಳಿಯುವುದಿಲ್ಲ. ಹಲವು ವರ್ಷಗಳ ಹಿಂದಿನ ಹೆಲ್ಮೆಟ್ ಬದಲಿಸುವುದು ಉತ್ತಮ.

ವಿಶೇಷ ಸೂಚನೆ: ಅವಧಿ ಮೀರಿದವರಿಗೆ ವಿಧಿಸಿರುವ ಪರೀಕ್ಷೆಯು ಶಿಕ್ಷೆಯಲ್ಲ; ಮರಳಿ ಬಂದ ಕೌಶಲ್ಯವನ್ನು ದೃಢಪಡಿಸಿಕೊಳ್ಳುವ ಅವಕಾಶ. ಪರೀಕ್ಷೆ ಅನ್ವಯಿಸದವರೂ ಮೇಲಿನ ಅಭ್ಯಾಸವನ್ನು ಸ್ವಇಚ್ಛೆಯಿಂದ ಪೂರೈಸಿ, ತಮ್ಮ ಹಾಗೂ ಇತರರ ಪ್ರಾಣ ರಕ್ಷಣೆಗೆ ಸಹಕರಿಸಬೇಕಾಗಿ ಕೋರಲಾಗಿದೆ.