ಶಿಬಿರ ಮುಚ್ಚಿದ ಮೇಲೆ: ಶ್ರೀಲಂಕಾದ ವನ್ನಿಯಲ್ಲಿ ಮರುನೆಲೆಯ ಕಥೆ

ಎಲ್ಲಾದರೂ ಯುದ್ಧವೋ ಗಲಭೆಯೋ ನಡೆದಾಗ ನಮ್ಮ ಧರ್ಮಕೇಂದ್ರಗಳಲ್ಲಿ ವಿಶೇಷ ಕಾಣಿಕೆ ಎತ್ತುತ್ತೇವೆ. ಮೊದಲ ತಿಂಗಳು ಜನರ ಕೈ ಧಾರಾಳ. ಎರಡು ವರ್ಷ ಕಳೆದು ಅದೇ ಊರಿನ ಹೆಸರಿನಲ್ಲಿ ಮತ್ತೆ ಕೇಳಿದರೆ "ಅಲ್ಲಿಯದು ಇನ್ನೂ ಮುಗಿದಿಲ್ಲವೇ?" ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹುಡುಕಲು ನಮಗೆ ತೀರ ಹತ್ತಿರದ ಶ್ರೀಲಂಕಾದ ಉತ್ತರ ಭಾಗವನ್ನೇ ಇಲ್ಲಿ ಆರಿಸಿಕೊಂಡಿದ್ದೇವೆ.

ಅಲ್ಲಿ 1983ರಲ್ಲಿ ಆರಂಭವಾದ ಆಂತರಿಕ ಯುದ್ಧ 2009ರ ಮೇ ತಿಂಗಳಲ್ಲಿ ಕೊನೆಗೊಂಡಿತು. ಸೇನೆ ಮತ್ತು ಎಲ್.ಟಿ.ಟಿ.ಇ. ನಡುವಿನ ಕೊನೆಯ ಕಾಳಗದಿಂದ ಜೀವ ಉಳಿಸಿಕೊಂಡು ವನ್ನಿ ಪ್ರದೇಶದಿಂದ ಹೊರಬಂದವರು ಸುಮಾರು 2.8 ಲಕ್ಷ ಮಂದಿ. ಅವರಲ್ಲಿ ಹೆಚ್ಚಿನವರನ್ನು ವವುನಿಯಾ ಜಿಲ್ಲೆಯಲ್ಲಿ ಕಾಡು ಕಡಿದು ನಿರ್ಮಿಸಿದ ಮೆನಿಕ್ ಫಾರ್ಮ್ ಶಿಬಿರದಲ್ಲಿ ಇರಿಸಲಾಯಿತು. ಸುತ್ತಲೂ ಮುಳ್ಳುತಂತಿ. ಆ ವರ್ಷ ಡಿಸೆಂಬರ್ ಬರುವ ತನಕ ಸ್ವಂತ ಇಚ್ಛೆಯಿಂದ ಹೊರಗೆ ಹೋಗಿಬರುವಂತಿರಲಿಲ್ಲ. ಭಾರತ ಸರಕಾರ ಕಳುಹಿಸಿದ ವೈದ್ಯರ ತಂಡವೂ ಕೆಲವು ತಿಂಗಳು ಇಲ್ಲಿ ಆಸ್ಪತ್ರೆ ನಡೆಸಿತ್ತು.

ಇವರನ್ನು ನಾವು ಸಾಮಾನ್ಯವಾಗಿ "ನಿರಾಶ್ರಿತರು" ಎನ್ನುತ್ತೇವೆ. ಕಾನೂನಿನ ಭಾಷೆಯಲ್ಲಿ ಗಡಿ ದಾಟಿ ಬೇರೆ ದೇಶ ಸೇರಿದವರು ನಿರಾಶ್ರಿತರು. ತಮ್ಮ ದೇಶದೊಳಗೇ ನೆಲೆ ಕಳೆದುಕೊಂಡವರು ಸ್ಥಳಾಂತರಿತರು. ತಮಿಳುನಾಡಿನ ಶಿಬಿರಗಳಲ್ಲಿರುವವರು ಮೊದಲ ಗುಂಪಿನವರು, ಮೆನಿಕ್ ಫಾರ್ಮ್‌ನಲ್ಲಿದ್ದವರು ಎರಡನೆಯ ಗುಂಪಿನವರು. (ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳ ತಮಿಳು ಕುಟುಂಬಗಳ ಕಥೆ ಇವೆರಡೂ ಅಲ್ಲ. ಅವರು 1964ರ ಭಾರತ-ಶ್ರೀಲಂಕಾ ಒಪ್ಪಂದದ ಪ್ರಕಾರ ಬಂದವರು.) ಸ್ಥಳಾಂತರಿತರ ಹೊಣೆ ಅವರದೇ ಸರಕಾರದ್ದು. ಆ ಸರಕಾರವೇ ಯುದ್ಧದ ಒಂದು ಪಕ್ಷವಾಗಿದ್ದಾಗ ನೆರವು ನೀಡುವ ಸಂಸ್ಥೆಗಳ ಕೆಲಸ ಎಷ್ಟು ಇಕ್ಕಟ್ಟಿನದು ಎಂದು ಊಹಿಸಬಹುದು.

ಮಡು ಮಾತೆಯ ಅಂಗಳ

ಮನ್ನಾರ್ ಧರ್ಮಪ್ರಾಂತ್ಯದ ಮಡು ಪುಣ್ಯಕ್ಷೇತ್ರದ ಹುಟ್ಟೇ ಸ್ಥಳಾಂತರದಿಂದ ಆದುದು. 17ನೇ ಶತಮಾನದಲ್ಲಿ ಡಚ್ಚರ ಕಿರುಕುಳ ತಾಳಲಾರದೆ ಮಾಂತೈ ಊರಿನ ಕಥೋಲಿಕರು ಮಾತೆಯ ಪ್ರತಿಮೆಯನ್ನು ಹೊತ್ತು ಕಾಡಿಗೆ ಬಂದರು. ಡಚ್ಚರ ಕಾಲದಲ್ಲಿ ಹೀಗೆ ಅಡಗಿ ಬಾಳುತ್ತಿದ್ದ ವಿಶ್ವಾಸಿಗಳನ್ನು ಹುಡುಕಿಕೊಂಡು 1687ರಲ್ಲಿ ದ್ವೀಪಕ್ಕೆ ಹೋದವರು ಸಂತ ಜೋಸೆಫ್ ವಾಸ್. ಅದಕ್ಕೂ ಮುಂಚೆ ಅವರು ನಮ್ಮ ಕೆನರಾದಲ್ಲಿ ಸೇವೆ ಸಲ್ಲಿಸಿದ್ದರು ಎಂಬುದು ಮುಡಿಪುಗೆ ಹೋಗಿ ಬಂದವರಿಗೆಲ್ಲ ಗೊತ್ತು.

1990ರಲ್ಲಿ ಯುದ್ಧ ಮರುಕಳಿಸಿದಾಗ ಮಡುವಿನ ಅಂಗಳ ಮತ್ತೆ ಸಾವಿರಾರು ಜನರಿಗೆ ಆಸರೆಯಾಯಿತು. ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಇಲ್ಲಿ ಪರಿಹಾರ ಕೇಂದ್ರ ತೆರೆಯಿತು. ಆದರೆ ಪುಣ್ಯಕ್ಷೇತ್ರವೆಂದು ಗುಂಡು ದೂರ ನಿಲ್ಲಲಿಲ್ಲ. 1999ರ ನವೆಂಬರ್ 20ರಂದು ಷೆಲ್ ಬಿದ್ದು ಅಲ್ಲಿ ಆಶ್ರಯ ಪಡೆದಿದ್ದ ಸುಮಾರು 40 ಮಂದಿ ಸತ್ತರು. ಎರಡೂ ಕಡೆಯವರು ಪರಸ್ಪರರನ್ನು ದೂರಿದರು. 2008ರ ಏಪ್ರಿಲ್‌ನಲ್ಲಿ ಕಾಳಗ ಬಾಗಿಲಿಗೇ ಬಂದಾಗ ಗುರುಗಳು ಪ್ರತಿಮೆಯನ್ನು ಉತ್ತರದ ತೇವನ್‌ಪಿಟ್ಟಿಗೆ ಒಯ್ದರು. ಆಗಸ್ಟ್‌ನಲ್ಲಿ ಅದು ಮರಳಿತು. ಆದರೆ ಕಾಳಗದ ಮುಂದೆ ಓಡುತ್ತಿದ್ದ ವನ್ನಿಯ ಜನ ಆಗ ಇನ್ನೂ ಪೂರ್ವದ ಕರಾವಳಿಯತ್ತ ಹೋಗುತ್ತಲೇ ಇದ್ದರು.

ಮನೆಗೆ ಮರಳುವುದೆಂದರೆ

ಮೆನಿಕ್ ಫಾರ್ಮ್ ಕೊನೆಗೆ ಮುಚ್ಚಿದ್ದು 2012ರ ಸೆಪ್ಟೆಂಬರ್‌ನಲ್ಲಿ. ಮರಳುವ ಕುಟುಂಬಕ್ಕೆ ಸಿಕ್ಕಿದ್ದು ತಗಡು, ಆರು ತಿಂಗಳ ರೇಷನ್ ಮತ್ತು 25 ಸಾವಿರ ಶ್ರೀಲಂಕಾ ರೂಪಾಯಿ. ಹೊರಗಿನವರ ಲೆಕ್ಕದಲ್ಲಿ ಅಲ್ಲಿಗೆ ವಿಷಯ ಮುಗಿಯಿತು. ನಿಜವಾದ ಕೆಲಸ ಆರಂಭವಾದದ್ದು ಅಲ್ಲಿಂದ.

ಮೊದಲನೆಯದಾಗಿ ನೆಲಬಾಂಬ್. ಗದ್ದೆ, ಬಾವಿಕಟ್ಟೆ, ಶಾಲೆಯ ಹಾದಿ ಎಲ್ಲಿಯೂ ಹುಗಿದಿಟ್ಟಿರಬಹುದು. ತೆಗೆಯುವವರು ಮೊಣಕಾಲೂರಿ, ಹಲ್ಲುಗಳಿರುವ ಕೈಸಾಧನದಿಂದ ಮಣ್ಣನ್ನು ಅಂಗುಲ ಅಂಗುಲವಾಗಿ ಕೆರೆದು ನೋಡಬೇಕು. ಈ ಕೆಲಸಕ್ಕೆ ಸೇರಿದವರಲ್ಲಿ ಅದೇ ಊರುಗಳ ಮಹಿಳೆಯರು ಬಹಳ. ಗಂಡನನ್ನು ಕಳಕೊಂಡು ಮನೆ ನಡೆಸುವವರು ಅವರಲ್ಲಿ ಅನೇಕರು. ನೆಲಬಾಂಬ್ ನಿಷೇಧದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಶ್ರೀಲಂಕಾ ಸೇರಿದ್ದು 2017ರ ಡಿಸೆಂಬರ್‌ನಲ್ಲಿ, ಯುದ್ಧ ಮುಗಿದು ಎಂಟು ವರ್ಷಗಳ ನಂತರ.

ಅನಂತರ ಮನೆ. ಇಲ್ಲಿ ಭಾರತದ ಪಾಲು ದೊಡ್ಡದು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳಿಗೆ 46 ಸಾವಿರ ಮನೆಗಳ ಯೋಜನೆ ಹಾಕಿಕೊಂಡು, ಪ್ರತಿ ಕುಟುಂಬಕ್ಕೆ ಐದೂವರೆ ಲಕ್ಷ ಶ್ರೀಲಂಕಾ ರೂಪಾಯಿಯನ್ನು ಕಂತಿನಲ್ಲಿ ನೀಡಲಾಯಿತು. ಗುತ್ತಿಗೆದಾರ ಕಟ್ಟಿಕೊಡುವುದಲ್ಲ, ಮನೆಯವರೇ ನಿಂತು ಕಟ್ಟಿಸುವುದು. ಪಂಚಾಂಗ ಎದ್ದರೆ ಒಂದು ಕಂತು, ಗೋಡೆ ಎದ್ದರೆ ಮತ್ತೊಂದು. ಈ ಕ್ರಮ ನಮಗೆ ಸರಿ ಕಾಣುತ್ತದೆ, ಯಾಕೆಂದರೆ ಮನೆ ಹೇಗಿರಬೇಕೆಂದು ತೀರ್ಮಾನಿಸುವವರು ಅದರೊಳಗೆ ಬದುಕುವವರೇ. ಆದರೆ ಮರಳು, ಸಿಮೆಂಟಿನ ಬೆಲೆ ಏರಿದಾಗ ಚಿನ್ನ ಅಡವಿಟ್ಟವರೂ ಸಾಲ ಮಾಡಿದವರೂ ಇದ್ದರು. ಹಿಂದೆಯೇ ಮೈಕ್ರೋಫೈನಾನ್ಸ್ ಸಂಸ್ಥೆಗಳೂ ಬಂದವು. ವಾರದ ಕಂತಿನ ಕಾಟ ಎಲ್ಲಿಗೆ ಮುಟ್ಟಿತೆಂದರೆ, 2018ರಲ್ಲಿ ಸರಕಾರವೇ ಬರಪೀಡಿತ ಜಿಲ್ಲೆಗಳ ಮಹಿಳೆಯರ ಸಣ್ಣ ಸಾಲಗಳನ್ನು ಮನ್ನಾ ಮಾಡಬೇಕಾಯಿತು. ತಗಡು ಹಂಚಿ ಮರಳಿದ ಸಂಸ್ಥೆಗಳಿಗೆ ಇದು ಕಾಣುವುದಿಲ್ಲ. ಕ್ಯಾರಿತಾಸ್ ಶ್ರೀಲಂಕಾದ ಧರ್ಮಪ್ರಾಂತೀಯ ಘಟಕಗಳು, ಅಂದರೆ ಮನ್ನಾರ್‌ನ ವಾಳ್ವುದಯಂ, ಜಾಫ್ನಾದ ಹುಡೆಕ್ ಮುಂತಾದವು, ಯುದ್ಧಕ್ಕೆ ಮುಂಚೆಯೂ ಅಲ್ಲೇ ಇದ್ದವು, ನಂತರವೂ ಉಳಿದವು.

ಯಾರಿಗೆ ಮೊದಲು ಎಂಬ ಪ್ರಶ್ನೆಯೂ ಹಗುರವಲ್ಲ. 1990ರ ಅಕ್ಟೋಬರ್‌ನಲ್ಲಿ ಎಲ್.ಟಿ.ಟಿ.ಇ. ಉತ್ತರದ ಸುಮಾರು 75 ಸಾವಿರ ಮುಸ್ಲಿಮರನ್ನು ಹೊರಹಾಕಿತು. ಜಾಫ್ನಾ ಪಟ್ಟಣದವರಿಗೆ ಕೊಟ್ಟ ಗಡುವು ಎರಡು ಗಂಟೆ. ಬಹುಪಾಲು ಮಂದಿ ಪುತ್ತಳಂನಲ್ಲಿ ಎರಡು ದಶಕ ಕಳೆದರು. ಯುದ್ಧ ಮುಗಿದಾಗ ಅವರು "ಹಳೆಯ" ಸ್ಥಳಾಂತರಿತರೆಂದೂ 2008ರ ನಂತರದವರು "ಹೊಸಬರು" ಎಂದೂ ವಿಂಗಡಣೆಯಾಗಿ, ನೆರವಿನ ಸಾಲಿನಲ್ಲಿ ಹಳಬರು ಹಿಂದೆ ಬಿದ್ದರು. ಪಟ್ಟಿ ಬರೆಯುವ ಗುಮಾಸ್ತನಿಗೆ ಇದು ಅನುಕೂಲದ ವಿಂಗಡಣೆ. ತಮ್ಮ ಹೊಲದಲ್ಲಿ ಕಾಡು ಬೆಳೆದುದನ್ನೋ ಬೇರೆಯವರು ಉಳುತ್ತಿರುವುದನ್ನೋ ಕಂಡವರಿಗೆ ಅದು ಎರಡನೆಯ ಪೆಟ್ಟು.

ಕೆಲವು ಮನೆಗಳಿಗೆ ಅನ್ನ, ಸೂರು ಎರಡೂ ಬಂದರೂ ಒಬ್ಬರು ಬರಲಿಲ್ಲ. ಕಾಣೆಯಾದ ಗಂಡನ ಹೆಸರಿನಲ್ಲಿದ್ದ ಜಮೀನು, ಬ್ಯಾಂಕ್ ಖಾತೆಗೆ ಮರಣ ಪ್ರಮಾಣಪತ್ರ ಬೇಕೆಂದರೆ ಹೆಂಡತಿ ಹೇಗೆ ಸಹಿ ಹಾಕಿಯಾಳು? ಮನ್ನಾರ್‌ನ ಧರ್ಮಾಧ್ಯಕ್ಷರಾಗಿದ್ದ ರಾಯಪ್ಪು ಜೋಸೆಫ್ (2021ರಲ್ಲಿ ನಿಧನರಾದರು) ಸರಕಾರಿ ಆಯೋಗದ ಮುಂದೆ 2011ರಲ್ಲಿ 1,46,679 ಮಂದಿಯ ಲೆಕ್ಕ ಸಿಗುತ್ತಿಲ್ಲವೆಂದು ಹೇಳಿದರು. ಸರಕಾರಿ ಕಚೇರಿಗಳ ಜನಸಂಖ್ಯೆಯ ಅಂಕಿಗಳನ್ನು ಹೊರಬಂದವರ ಅಂಕಿಗಳೊಂದಿಗೆ ಕಳೆದು ನೋಡಿ ಅವರು ಕೇಳಿದ ಪ್ರಶ್ನೆಯಿದು. ಸರಕಾರ ಒಪ್ಪಲಿಲ್ಲ, ಅವರಿಗೆ ಟೀಕೆ, ವಿಚಾರಣೆ ಎದುರಾದವು. 2016ರಲ್ಲಿ ಕಾನೂನು ತಿದ್ದಿ, ಸತ್ತರೆಂದು ಹೇಳದೆ "ಇಲ್ಲದಿರುವಿಕೆ"ಯ ಪ್ರಮಾಣಪತ್ರ ನೀಡುವ ವ್ಯವಸ್ಥೆ ಬಂತು.

ನೆಲ ಯಾರದು?

ಮೆನಿಕ್ ಫಾರ್ಮ್‌ನಿಂದ ಕೊನೆಗೆ ಹೊರಟವರಲ್ಲಿ ಕೇಪ್ಪಾಪಿಲವು ಗ್ರಾಮದ 110 ಕುಟುಂಬಗಳಿದ್ದವು. ಶಿಬಿರ ಮುಚ್ಚಿತು, ಊರು ಸಿಗಲಿಲ್ಲ, ಅಲ್ಲಿ ಸೇನೆಯಿತ್ತು. ಅವರನ್ನು ಬೇರೆ ಕಡೆ ಸರಕಾರಿ ಜಾಗದಲ್ಲಿ ಇಳಿಸಿ "ಎಲ್ಲರೂ ಮರಳಿದರು" ಎಂದು ಘೋಷಿಸಲಾಯಿತು. 2017ರ ಆರಂಭದಲ್ಲಿ ಅಲ್ಲೇ ಪಕ್ಕದ ಪಿಲವುಕುಡಿಯಿರುಪ್ಪಿನ ಹೆಂಗಸರು ಮಕ್ಕಳೊಂದಿಗೆ ವಾಯುಪಡೆಯ ಶಿಬಿರದ ಎದುರು ರಸ್ತೆ ಬದಿ ಒಂದು ತಿಂಗಳು ಮಲಗಿ ತಮ್ಮ ಜಮೀನು ಬಿಡಿಸಿಕೊಂಡರು. ಮನ್ನಾರ್‌ನ ಮುಳ್ಳಿಕುಳಂ ಕಥೋಲಿಕ ಗ್ರಾಮವನ್ನು 2007ರಲ್ಲಿ ತೆರವು ಮಾಡಿಸಲಾಗಿತ್ತು. ನೌಕಾಪಡೆ 100 ಎಕರೆ ಬಿಟ್ಟುಕೊಡಲು ಒಪ್ಪಿದ್ದು ಹತ್ತು ವರ್ಷದ ಮೇಲೆ, ಅದೂ ಜನ ಬೀದಿಯಲ್ಲಿ ಕುಳಿತ ಮೇಲೆ.

ಕಡಲ ಮಕ್ಕಳ ಒಂದು ಸಂಗತಿಯನ್ನು ಕರಾವಳಿಯ ಓದುಗರಿಗೆ ಹೇಳಲೇಬೇಕು. ಕಿಳಿನೊಚ್ಚಿ ಜಿಲ್ಲೆಯ ಇರಣೈತೀವು ದ್ವೀಪದ ಕಥೋಲಿಕ ಮೀನುಗಾರರು 1992ರಲ್ಲಿ ಊರು ಬಿಟ್ಟವರು. ಮುಖ್ಯಭೂಮಿಯಲ್ಲಿ ಅವರಿಗೆ ಸೂರು ಸಿಕ್ಕಿತ್ತು, ಆದರೆ ಸಮುದ್ರ ದೂರ, ದ್ವೀಪದಲ್ಲಿ ನೌಕಾಪಡೆ. ಅರ್ಜಿ, ಧರಣಿ ಎಲ್ಲ ಮುಗಿದ ಮೇಲೆ 2018ರ ಏಪ್ರಿಲ್ 23ರಂದು ಅವರು ದೋಣಿಗಳಿಗೆ ಬಿಳಿ ಬಾವುಟ ಕಟ್ಟಿಕೊಂಡು ಗುರುಗಳೊಂದಿಗೆ ತಾವೇ ಹೊರಟರು. ಯಾರೂ ತಡೆಯಲಿಲ್ಲ. ದಡ ಸೇರಿದವರು ಮೊದಲು ಹೋದದ್ದು ತಮ್ಮ ಹಳೆಯ ಇಗರ್ಜಿಗೆ. ನೆರವಿನ ಸಂಸ್ಥೆಗಳು, ಮನೆ, ದೋಣಿ, ಬಲೆಯ ಲೆಕ್ಕ, ಎಲ್ಲ ಅದರ ನಂತರ ಬಂದವು.