ಗುಂಡ್ಲುಪೇಟೆಯಿಂದ ಪಟ್ಟಣಕ್ಕೆ: ಕಾರೋ, ಬಸ್ಸೋ?

ನಮ್ಮ ಕಡೆ ಯಾರಾದರೂ ಬೆಂಗಳೂರಿಗೆ ಹೊರಟಿದ್ದಾರೆ ಅಂದರೆ ಎದುರಿಗೆ ಸಿಕ್ಕವರು ಮೊದಲು ಕೇಳೋದು "ಯಾತರಲ್ಲಿ ಹೋಗ್ತೀರಿ?" ಅಂತ. ಕಾರು ಮಾಡ್ಕೊಂಡೋ, ಬಸ್ಸಲ್ಲೋ? ಮದುವೆ ಜವಳಿಯೋ, ಆಸ್ಪತ್ರೆಯೋ, ಮಗಳ ಕಾಲೇಜು ಸೀಟೋ, ಹೋಗೋ ಕಾರಣದ ವಿಚಾರ ಆಮೇಲೆ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಅಲ್ಲಿಂದ ಬೆಂಗಳೂರಿಗೆ ಇನ್ನೊಂದು 140 ಚಿಲ್ಲರೆ. ಒಟ್ಟು 200ರ ಆಸುಪಾಸು. ಕಾರಲ್ಲಿ ಹೋದರೆ ದಂಡ ಅನ್ನಿಸುತ್ತೆ, ಬಸ್ಸಲ್ಲಿ ಹೋದರೆ ಸುಸ್ತು ಅನ್ನಿಸುತ್ತೆ. ಒಂಥರಾ ಎಡಬಿಡಂಗಿ ದೂರ ಇದು.

ಎಲ್ಲರೂ ಇದನ್ನ ಜೇಬಿನ ಲೆಕ್ಕ ಅಂದ್ಕೋತಾರೆ. ಡೀಸೆಲ್ ಎಷ್ಟು, ಟೋಲ್ ಎಷ್ಟು, ಟಿಕೆಟ್ ಎಷ್ಟು... ನನಗೇನೋ ಇದು ಇತಿಹಾಸದ ಲೆಕ್ಕವೂ ಹೌದು ಅನ್ನಿಸುತ್ತೆ. ನಮ್ಮೂರಿನವರು ದೊಡ್ಡ ಊರಿಗೆ ಹೋಗಿಬಂದ ದಾರಿಯನ್ನ ಹಿಂದಕ್ಕೆ ನೋಡ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತೆ. ದಾರಿ ಎಲ್ಲಿ ತಿರುಗಬೇಕು, ಅದರ ಮೇಲೆ ಯಾವ ಗಾಡಿ ಓಡಬೇಕು ಅನ್ನೋದನ್ನ ಯಾವಾಗಲೂ ಬೇರೆಲ್ಲೋ ಕೂತವರು ತೀರ್ಮಾನ ಮಾಡಿದ್ದಾರೆ. ನಾವು ಆರಿಸಿಕೊಂಡಿದ್ದು ಮಿಕ್ಕಿದ್ದರಲ್ಲಿ.

ಶುರುವಿನಿಂದಲೇ ಬರ್ತೀನಿ. ಹಳೇ ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ 'ಪಟ್ಟಣ' ಅಂದರೆ ಶ್ರೀರಂಗಪಟ್ಟಣ. ನಮ್ಮ ತಾಲ್ಲೂಕಿನಿಂದ ಆ ಪಟ್ಟಣಕ್ಕೆ ಹೋದವರಲ್ಲಿ ದೊಡ್ಡ ಹೆಸರು ಚಿಕ್ಕದೇವರಾಜ ಒಡೆಯರದು. ಪಟ್ಟಕ್ಕೆ ಬರುವ ಮುಂಚೆ ಅವರನ್ನ ಇರಿಸಿದ್ದು ಹಂಗಳದಲ್ಲಿ. ಈಗ ಊಟಿ ರಸ್ತೆಯಲ್ಲಿ ಗುಂಡ್ಲುಪೇಟೆ ದಾಟಿದರೆ ಸಿಗುತ್ತಲ್ಲ, ಅದೇ ಹಂಗಳ. 1673ರಲ್ಲಿ ಅವರು ಸಿಂಹಾಸನ ಏರಿದರು. ಆಮೇಲೆ ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿದರು. ಮೈಸೂರು ರಾಜ್ಯದಲ್ಲಿ ಅಂಚೆ ವ್ಯವಸ್ಥೆ ತಂದವರು ಅಂತ ಹೆಸರಾದವರೂ ಅವರೇ. ಅಂದರೆ ಊರಿನ ಜನ ರಾಜಧಾನಿ ಮುಖ ನೋಡೋಕೆ ಮುಂಚೆ ಕಾಗದ ಹೋಗಿಬರೋದಕ್ಕೆ ದಾರಿ ಆಯಿತು. ಜನಕ್ಕೆ ಕಾಲ್ನಡಿಗೆ, ಅನುಕೂಲ ಇದ್ದವರಿಗೆ ಎತ್ತಿನ ಗಾಡಿ. ಇನ್ನೂರು ವರ್ಷ ಹೀಗೇ ನಡೆದಿರಬೇಕು.

ಆಮೇಲೆ ರೈಲಿನ ಕಾಲ. ಬೆಂಗಳೂರು-ಮೈಸೂರು ರೈಲು ದಾರಿ 1882ಕ್ಕೆ ಮುಗಿಯಿತು. 1891ರಲ್ಲಿ ರೈಲು ನಂಜನಗೂಡಿಗೂ ಬಂತು. ಅಲ್ಲಿ ಕಪಿಲೆಗೆ ಅಡ್ಡಲಾಗಿ ದಳವಾಯಿ ದೇವರಾಜನ ಕಾಲದ ಕಲ್ಲಿನ ಸೇತುವೆ ಇದೆ, 1735ರದು ಅಂತ ಹೇಳ್ತಾರೆ. ಅದರ ಮೇಲೇ ಹಳಿ ಹಾಸಿದರು. ಒಂದೇ ಸೇತುವೆ ಮೇಲೆ ಗಾಡಿಯೂ ಹೋಗಬೇಕು, ರೈಲೂ ಹೋಗಬೇಕು! 21ನೇ ಶತಮಾನದಲ್ಲಿ ಬ್ರಾಡ್‌ಗೇಜ್ ಬರೋವರೆಗೂ ರೈಲು ಅದರ ಮೇಲೇ ಓಡಾಡಿತು. ರಸ್ತೆಯೋ ರೈಲೋ ಅಂತ ಜಗಳ ಆಡೋರಿಗೆಲ್ಲ ಆ ಸೇತುವೆ ತೋರಿಸಬೇಕು.

ನಂಜನಗೂಡಿನಿಂದ ಮುಂದಕ್ಕೆ ರೈಲು ಎತ್ತ ಹೋಗಬೇಕು? ನೇರ ದಕ್ಷಿಣಕ್ಕೆ ಬಂದಿದ್ದರೆ ಬೇಗೂರು, ಗುಂಡ್ಲುಪೇಟೆ. ಆದರೆ ಅದು ಪೂರ್ವಕ್ಕೆ ತಿರುಗಿ ಕವಲಂದೆ, ಬದನಗುಪ್ಪೆ ಮೇಲೆ 1926ರಲ್ಲಿ ಚಾಮರಾಜನಗರ ಸೇರಿತು. ಹಿಂದೆ ಅರಿಕುಠಾರ ಆಗಿದ್ದ ಆ ಊರು ಚಾಮರಾಜ ಒಡೆಯರು ಹುಟ್ಟಿದ ಸ್ಥಳ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹೆಸರನ್ನೇ ಅದಕ್ಕಿಟ್ಟಿದ್ದರು. ನಮ್ಮೂರಿಗೆ ಮಾತ್ರ ರೈಲು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಈ ಕಡೆ ನಂಜನಗೂಡು, ಆ ಕಡೆ ಚಾಮರಾಜನಗರ, ಎರಡೂ 30 ಕಿಲೋಮೀಟರಿಗಿಂತ ಜಾಸ್ತಿ ದೂರ. ನಂಜನಗೂಡು-ನಿಲಂಬೂರು ರೈಲು ಅಂತ ಎಷ್ಟೋ ವರ್ಷದಿಂದ ಕೇಳ್ತಾ ಇದ್ದೀವಿ. ನಡುವೆ ಬಂಡೀಪುರ, ವಯನಾಡಿನ ಕಾಡು ಇರೋದರಿಂದ ಅದು ಕಾಗದದ ಮೇಲೇ ಓಡ್ತಾ ಇದೆ.

ರೈಲು ಕೈಬಿಟ್ಟ ಊರನ್ನ ಕೈಹಿಡಿದದ್ದು ಬಸ್ಸು. ಮೊದಲು ಖಾಸಗಿಯವರ ಬಸ್ಸುಗಳು. ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ಬರ ಬಂದಾಗ ಮೈಸೂರು ಸೀಮೆಯಲ್ಲಿ ಇದ್ದಿಲಿನ ಗ್ಯಾಸಿನ ಬಸ್ಸುಗಳು ಓಡಿದವು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. 1961ರಲ್ಲಿ ಅದು ನಿಗಮ ಆಯಿತು. ನಾವೆಲ್ಲ 'ಕೆಂಪು ಬಸ್ಸು' ಅಂತ ಕರೆಯೋದು ಈ ವಂಶದ್ದನ್ನೇ.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಒಂದು ತಮಾಷೆ ನೋಡಬಹುದು. ಕರ್ನಾಟಕದ ಕೆಎಸ್‌ಆರ್‌ಟಿಸಿ ಪಕ್ಕದಲ್ಲೇ ಕೇರಳದ ಕೆಎಸ್‌ಆರ್‌ಟಿಸಿ! ಆ ಹೆಸರು ಯಾರದು ಅಂತ ಎರಡು ರಾಜ್ಯಗಳು ಕೋರ್ಟಿನವರೆಗೂ ಹೋದವು. ಒಂದು ದಾರಿ ಸುಲ್ತಾನ್ ಬತ್ತೇರಿ ಮೇಲೆ ಕೋಝಿಕ್ಕೋಡಿಗೆ, ಇನ್ನೊಂದು ಬಂಡೀಪುರದ ಮೇಲೆ ಊಟಿಗೆ. ಎರಡೂ ಒಂದಾಗೋದು ನಮ್ಮೂರಲ್ಲಿ. ಹಾಗಾಗಿ ಇಲ್ಲಿ ಓಡಾಡುವ ವಾಹನಗಳಲ್ಲಿ ಬಹಳಷ್ಟು ನಮ್ಮವಲ್ಲ. ರಜಾ ದಿನ ಚೆಂಡುಹೂವು, ಸೂರ್ಯಕಾಂತಿ ಹೊಲದ ಪಕ್ಕ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಂಡು ಹೋಗ್ತಾರಲ್ಲ, ಅವರಿಗೆ ನಾವು ದಾರಿಯಲ್ಲಿ ಸಿಗೋ ಊರು ಅಷ್ಟೆ. ಕಾರು ದಾಟಿಕೊಂಡು ಹೋಗುತ್ತೆ, ಬಸ್ಸು ನಿಲ್ಲುತ್ತೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಕಾರಿನ ಕಥೆ ಚಿಕ್ಕದು. ಬಹಳ ಕಾಲ ಕಾರು ಅಂದರೆ ಬಾಡಿಗೆ ಅಂಬಾಸಡರ್. ಅದೂ ಮದುವೆಗೆ, ಹೆರಿಗೆಗೆ, ಇಲ್ಲಾ ತೀರಾ ಕಷ್ಟ ಬಂದಾಗ ಮೈಸೂರಿನ ಕೆ.ಆರ್. ಆಸ್ಪತ್ರೆಗೆ. 1983ರಲ್ಲಿ ಮಾರುತಿ 800 ಬಂದ ಮೇಲೆ ಮೇಷ್ಟ್ರು, ಅಂಗಡಿಯವರು ಕಾರಿನ ಕನಸು ಕಾಣೋದಕ್ಕೆ ಶುರು ಮಾಡಿದರು. 2000ದ ದಶಕದಲ್ಲಿ ಮೈಸೂರು-ಬೆಂಗಳೂರು ರಸ್ತೆ ನಾಲ್ಕು ಪಥ ಆಯಿತು. ಅಲ್ಲಿಗೆ "ಕಾರಲ್ಲೇ ಹೋಗಿಬಿಡೋಣ" ಅನ್ನೋ ಮಾತು ಸಲೀಸಾಯಿತು.

ಆಗ ಬಂತು 2009. ಬಂಡೀಪುರದಲ್ಲಿ ರಾತ್ರಿ ಹೊತ್ತು ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯೋದು ಜಾಸ್ತಿ ಆಗಿತ್ತು. ಆ ವರ್ಷ ಜೂನಿನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಕಾಡಿನೊಳಗಿನ ಹೆದ್ದಾರಿ ಮುಚ್ಚಿಸಿದರು. ಒತ್ತಡ ಬಂದು ಆದೇಶ ವಾಪಸ್ ಆಯಿತು. ಹೈಕೋರ್ಟು ಜುಲೈನಲ್ಲಿ ಮತ್ತೆ ಜಾರಿ ಮಾಡಿಸಿತು, 2010ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. 2019ರಲ್ಲಿ ಹಗಲೂ ಮುಚ್ಚುವ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂದಾಗ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹ ನಡೆಯಿತು.

ಈ ಗಲಾಟೆಯಲ್ಲಿ ಒಂದು ಮುಖ್ಯ ಸಂಗತಿ ಬಹಳ ಜನ ಗಮನಿಸಲಿಲ್ಲ. ರಾತ್ರಿ ನಿಷೇಧದಲ್ಲಿ ಆಂಬುಲೆನ್ಸಿನಂಥ ತುರ್ತು ವಾಹನಗಳ ಜೊತೆಗೆ ವಿನಾಯಿತಿ ಸಿಕ್ಕಿದ್ದು ಲೆಕ್ಕದ ಕೆಲವು ಸರ್ಕಾರಿ ಬಸ್ಸುಗಳಿಗೆ. ಎಷ್ಟೇ ದುಬಾರಿ ಕಾರಿರಲಿ, ಮದ್ದೂರು ಚೆಕ್‌ಪೋಸ್ಟಿನಲ್ಲೋ ಮೇಲುಕಾಮನಹಳ್ಳಿಯಲ್ಲೋ ಬೆಳಗಾಗೋವರೆಗೆ ನಿಲ್ಲಬೇಕು. (ಇದು ಮಂಡ್ಯದ ಮದ್ದೂರಲ್ಲ, ನಮ್ಮ ತಾಲ್ಲೂಕಿನದು. ಇಲ್ಲಿ ವಡೆ ಸಿಗಲ್ಲ!) ಟಿಕೆಟ್ ತಗೊಂಡು ಕೂತ ಕೂಲಿಯವನು ಆ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಾ ಕಾಡು ದಾಟುತ್ತಾನೆ. ಲೆಕ್ಕ ಸರಿಯಾಗೇ ಇದೆ. ಐವತ್ತು ಜನಕ್ಕೆ ಒಂದು ಬಸ್ಸು ಹೋದರೆ ಆನೆ, ಜಿಂಕೆ ಒಂದು ಸಲ ದಾರಿ ಬಿಡಬೇಕು. ಅದೇ ಜನ ಕಾರಲ್ಲಿ ಹೋದರೆ ಹದಿನೈದು ಸಲ. ಕಾರೋ ಬಸ್ಸೋ ಅನ್ನೋ ಪ್ರಶ್ನೆಗೆ ಕಾನೂನೇ ಉತ್ತರ ಕೊಟ್ಟ ಜಾಗ ನಮ್ಮ ತಾಲ್ಲೂಕು. ಬೆಂಗಳೂರಿನ ಕಡೆಗೆ ಈ ಅಡ್ಡಿ ಇಲ್ಲ. ಆದರೂ ಅದರ ಹಿಂದಿನ ನ್ಯಾಯ ಆ ದಾರಿಗೂ ಸಲ್ಲುತ್ತೆ.

ಆ ದಾರಿ 2023 ಒಂದೇ ವರ್ಷದಲ್ಲಿ ನಾಲ್ಕು ಸಲ ಬದಲಾಯಿತು. ಮಾರ್ಚ್ 12ಕ್ಕೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ. ಜೂನ್ 11ಕ್ಕೆ ಶಕ್ತಿ ಯೋಜನೆ, ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗೆ ನಿಷೇಧ. ಅಕ್ಟೋಬರ್ 9ಕ್ಕೆ ಮೆಟ್ರೋ ಚಲ್ಲಘಟ್ಟಕ್ಕೆ ಬಂತು. ಒಂದು ಕಾರಿನವರಿಗೆ, ಒಂದು ಬಸ್ಸಿನವರಿಗೆ, ಒಂದು ಬೈಕಿನವರ ವಿರುದ್ಧ, ಒಂದು ಎಲ್ಲರಿಗೂ.

ಮೆಟ್ರೋ ಬಂದ ರೀತಿ ನನಗೆ ಬಹಳ ಇಷ್ಟ. ನಮ್ಮನ್ನ ಎದುರುಗೊಳ್ಳೋಕೆ ಹೆಜ್ಜೆ ಹೆಜ್ಜೆ ಇಟ್ಟು ಬಂದ ಹಾಗಿದೆ. 2015ಕ್ಕೆ ಮೈಸೂರು ರಸ್ತೆ, 2021ಕ್ಕೆ ಕೆಂಗೇರಿ, 2023ಕ್ಕೆ ಚಲ್ಲಘಟ್ಟ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಜಯದೇವ ಆಸ್ಪತ್ರೆಯ ಹತ್ತಿರವೂ ಸ್ಟೇಷನ್ ಇದೆ. ಬೆಂಗಳೂರು ಪ್ರಯಾಣದಲ್ಲಿ ಕಾರಿನ ಲಾಭವೆಲ್ಲ ಕರಗಿ ಹೋಗ್ತಿದ್ದದ್ದು ಕೆಂಗೇರಿ ದಾಟಿದ ಮೇಲೆ. ಎಕ್ಸ್‌ಪ್ರೆಸ್‌ವೇಯಲ್ಲಿ ಉಳಿಸಿದ ಸಮಯವನ್ನ ಸಿಗ್ನಲ್‌ಗಳಿಗೆ ವಾಪಸ್ ಕಟ್ಟಬೇಕು, ಮೇಲೆ ಪಾರ್ಕಿಂಗ್ ಹುಡುಕಾಟ. ಆ ಕೊನೇ ಹದಿನೈದು ಕಿಲೋಮೀಟರ್ ಈಗ ಮೆಟ್ರೋದಲ್ಲಿ ಹಗುರ. ಹಾಗಾಗಿ ನನ್ನ ಮಟ್ಟಿಗೆ ತೀರ್ಮಾನ ಆಗಿದೆ. ಮೈಸೂರಿಗೆ ಬಸ್ಸು, ಅಲ್ಲಿಂದ ರೈಲೋ ಇನ್ನೊಂದು ಬಸ್ಸೋ. ಬಸ್ಸಾದರೆ ಕೆಂಗೇರಿಯಲ್ಲೋ ಸ್ಯಾಟಲೈಟ್ ಸ್ಟ್ಯಾಂಡಿನಲ್ಲೋ ಇಳಿದು ಮೆಟ್ರೋ.

ಹಾಗಂತ ಕಾರು ಮಾಡೋರನ್ನ ನಾನು ಆಡಿಕೊಳ್ಳಲ್ಲ. ಕೀಮೋ ಮಾಡಿಸಿಕೊಂಡು ಕಿದ್ವಾಯಿಯಿಂದ ಬರೋ ಅಮ್ಮನನ್ನ ಮೂರು ಕಡೆ ಹತ್ತಿಸಿ ಇಳಿಸೋಕಾಗುತ್ತಾ? ಮಂಡಿ ನೋವಿನ ಅಜ್ಜಿ, ಕಂಕುಳಲ್ಲಿ ಮಗು, ನಾಲ್ಕು ಬ್ಯಾಗು ಇದ್ದರೆ ಕಾರೇ ಸರಿ. ನಾಲ್ಕೈದು ಜನ ಹಂಚಿಕೊಂಡರೆ ದುಡ್ಡಿನ ಲೆಕ್ಕವೂ ಹತ್ತಿರ ಹತ್ತಿರ ಬರುತ್ತೆ, ಆದರೆ ಹೆಂಗಸರಿದ್ದರೆ ಬಸ್ಸಿನ ಲೆಕ್ಕವೇ ಬೇರೆ. ಅದರಲ್ಲೂ ಒಂದು ಕಿರಿಕಿರಿ ಇದೆ. ಶಕ್ತಿ ಯೋಜನೆ ಅಂತರರಾಜ್ಯ ಬಸ್ಸುಗಳಿಗೆ ಅನ್ವಯ ಆಗಲ್ಲ. ನಮ್ಮೂರಲ್ಲಿ ಹಾದುಹೋಗೋ ಬಸ್ಸುಗಳಲ್ಲಿ ಊಟಿ, ಕೋಝಿಕ್ಕೋಡಿನವು ಎಷ್ಟೊಂದು! ಕೈಯಲ್ಲಿ ಆಧಾರ್ ಹಿಡಿದ ಹೆಂಗಸರು ಆ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯಬೇಕು.

ಇಷ್ಟು ದೂರ ಬಂದ ಮೇಲೆ ನನ್ನ ಮಾತು ಇಷ್ಟು. ಬೆಂಗಳೂರು ಪ್ರಯಾಣ ಕಷ್ಟ ಆಗೋದು ಕೊನೇ ಹದಿನೈದು ಕಿಲೋಮೀಟರಿನಲ್ಲಿ ಮತ್ತು ಮೊದಲ ಹದಿನೈದು ಕಿಲೋಮೀಟರಿನಲ್ಲಿ. ನಡುವಿನ ದಾರಿಗೆ ಸಾವಿರಾರು ಕೋಟಿ ಸುರಿದರು. ಕೊನೆಯದಕ್ಕೆ ಮೆಟ್ರೋ ಬಂತು. ಮೊದಲಿನದು? ತೆರಕಣಾಂಬಿ ಕಡೆಯ ಒಂದು ಹಳ್ಳಿಯವರು ಬೆಳಗಿನ ಬಸ್ಸು ತಪ್ಪಿದರೆ ಗುಂಡ್ಲುಪೇಟೆಗೇ ಬರೋಕಾಗಲ್ಲ, ಇನ್ನು ಚಲ್ಲಘಟ್ಟದ ಮೆಟ್ರೋ ಕಟ್ಟಿಕೊಂಡು ಏನು ಮಾಡ್ತಾರೆ? ಸಂಜೆ ಕೊನೇ ಬಸ್ಸು ತಪ್ಪುತ್ತೆ ಅನ್ನೋ ಭಯಕ್ಕೇ ಎಷ್ಟೋ ಮನೆಯವರು ಸಾಲ ಮಾಡಿ ಬಾಡಿಗೆ ಕಾರು ಹಿಡೀತಾರೆ. ಅದನ್ನ ಆಯ್ಕೆ ಅಂತ ಹೇಗೆ ಕರೆಯೋದು?

1926ರಲ್ಲಿ ರೈಲು ನಮ್ಮನ್ನ ಬಿಟ್ಟು ಪೂರ್ವಕ್ಕೆ ತಿರುಗಿದಾಗ ನಮ್ಮ ಹಿರಿಯರನ್ನ ಯಾರೂ ಕೇಳಿರಲಿಕ್ಕಿಲ್ಲ. ಈಗ ನಾವು ಕೇಳಬಹುದು, ಕೇಳಬೇಕು. ಎಕ್ಸ್‌ಪ್ರೆಸ್‌ವೇಗೆ ಇನ್ನೆರಡು ಪಥ ಕೇಳೋ ಮುಂಚೆ ಬೇಗೂರು, ಹಂಗಳ, ತೆರಕಣಾಂಬಿ ಹೋಬಳಿಯ ಹಳ್ಳಿಗಳಿಗೆ ರಾತ್ರಿ ಎಂಟೂವರೆಗೆ ಗುಂಡ್ಲುಪೇಟೆಯಿಂದ ಹೊರಡೋ ಒಂದೊಂದು ಬಸ್ಸು ಕೇಳೋಣ. ಕಾರಿದ್ದವರೂ ಸೇರಿ ಕೇಳೋಣ. ಮುಂದಿನ ಸಲ ಯಾರಾದರೂ "ಯಾತರಲ್ಲಿ ಹೋಗ್ತೀರಿ?" ಅಂದಾಗ ಎರಡು ಉತ್ತರವಾದರೂ ಇರಬೇಕಲ್ಲ... ಏನಂತೀರಿ?